ಒಡೆದ ಹಾಲಿನ ಭಾಗ್ಯ
(ಮನೆಯಲ್ಲಿಯೇ ಸರಳವಾಗಿ ಚೀಸ್ ಮಾಡಿ ಸವಿಯುವ ಬಗೆಯನ್ನು ಕುರಿತು ನಲ್ಲೂರಿನಲ್ಲಿ ಗ್ರಾಮಸ್ಥರಿಗೂ ವಿದ್ಯಾರ್ಥಿಗಳಿಗೂ ನೀಡಿದ ಉಪನ್ಯಾಸದ ಲಿಖಿತ ರೂಪ)



ಗೃಹಪ್ರವೇಶದ ದಿನ ಹೊಸ ಒಲೆಯ ಮೇಲೆ ಹಾಲು ಉಕ್ಕಿದರೆ ಮನೆಗೆ ಮಂಗಳವೆಂದು ಎಲ್ಲರೂ ಸಂತೋಷಪಡುತ್ತಾರೆ. ಅದೇ ಹಾಲು ಒಡೆದರೆ ಹಿರಿಯರ ಮುಖ ಬಾಡುತ್ತದೆ. ಮನಸ್ಸು ಮುರಿಯುವುದನ್ನೂ ಸಂಬಂಧ ಕೆಡುವುದನ್ನೂ ಕನ್ನಡದಲ್ಲಿ ಒಡೆದ ಹಾಲಿಗೆ ಹೋಲಿಸುವುದುಂಟು. ಹಾಲಿಗೆ ಹುಳಿ ಹಿಂಡುವುದೆಂದರೆ ಒಳ್ಳೆಯದನ್ನು ಕೆಡಿಸುವುದೆಂದೇ ಅರ್ಥ. ಇಂತಹ ನಾಡಿನಲ್ಲಿ ಬೇಕೆಂದೇ ಹಾಲನ್ನು ಒಡೆಸಿ, ಬಟ್ಟೆಯಲ್ಲಿ ಸೋಸಿ, ಕಲ್ಲಿನ ಭಾರವಿಟ್ಟು, ಅದನ್ನು ಸವಿಯಬೇಕೆಂದು ಹೇಳುವುದು ವಿಚಿತ್ರವಾಗಿ ತೋರಬಹುದು. ಆದರೆ ಹಾಲನ್ನು ಒಡೆಸುವ ವಿದ್ಯೆ ಈ ನಾಡಿಗೆ ಹೊಸದಲ್ಲ. ಅದು ಮರೆತುಹೋದ ವಿದ್ಯೆ. ಅದನ್ನು ನೆನೆಯಲು ನಲ್ಲೂರಿಗಿಂತ ತಕ್ಕ ಸ್ಥಳ ಮತ್ತೊಂದಿಲ್ಲ. ಏಕೆಂದರೆ ಹಾಲನ್ನು ಒಡೆಸಲು ಬೇಕಾದ ಹುಳಿ ಇಲ್ಲಿ ಮರಮರದಲ್ಲಿಯೂ ತೂಗುತ್ತಿದೆ.

ಹುಣಸೆಯ ತೋಪು

ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪನ್ನು 2002ರ ಜೀವವೈವಿಧ್ಯ ಕಾಯ್ದೆಯ ಅನ್ವಯ 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ಇಡೀ ದೇಶದಲ್ಲಿ ಈ ಗೌರವ ಪಡೆದ ಮೊದಲ ತಾಣ ಇದೇ. ಸುಮಾರು 54 ಎಕರೆಯಷ್ಟು ನೆಲದಲ್ಲಿ ಮುನ್ನೂರರಷ್ಟು ಹಳೆಯ ಮರಗಳು, ನಡುವೆ ಪಾಳುಬಿದ್ದ ದೇಗುಲದ ಅವಶೇಷಗಳು. ಚೋಳರ ಕಾಲದಿಂದಲೂ ಈ ತೋಪು ಇದೆಯೆಂಬುದು ಜನರ ನಂಬಿಕೆ. ಬುಡ ಟೊಳ್ಳಾದ ಮೇಲೆಯೂ ಕೊಂಬೆಯನ್ನು ನೆಲಕ್ಕೆ ಊರಿ ಮತ್ತೆ ಚಿಗುರುವ ಈ ಮರಗಳ ಛಲವನ್ನು ಇಲ್ಲಿಯ ಮಕ್ಕಳು ದಿನನಿತ್ಯ ಕಾಣುತ್ತಿದ್ದಾರೆ. ತೋಪು ಸಂರಕ್ಷಿತ ತಾಣವಾದುದರಿಂದ ಅಲ್ಲಿಯ ಕಾಯನ್ನು ಕೀಳುವ ಮಾತು ಇಲ್ಲಿಲ್ಲ. ಮನೆಯ ಹಿತ್ತಲಿನ ಹುಣಸೆ, ಅಟ್ಟದ ಮೇಲೆ ಉಪ್ಪು ಬೆರೆಸಿ ಇಟ್ಟ ಹಳೆಯ ಹುಣಸೆ, ಅಡುಗೆಮನೆಯ ಭರಣಿಯಲ್ಲಿರುವ ಹುಣಸೆ, ಇಷ್ಟೇ ಸಾಕು.

ಹುಣಸೆಯ ಹುಳಿಗೆ ಕಾರಣ ಟಾರ್ಟಾರಿಕ್ ಆಮ್ಲ. ಅದೇ ಆಮ್ಲ ದ್ರಾಕ್ಷಿಯಲ್ಲಿಯೂ ಇದೆ. ನಿಂಬೆಯಲ್ಲಿ ಸಿಟ್ರಿಕ್ ಆಮ್ಲ, ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲ. ಈ ಮೂರರಲ್ಲಿ ಯಾವುದನ್ನು ಬಿಸಿ ಹಾಲಿಗೆ ಬೆರೆಸಿದರೂ ಹಾಲು ಒಡೆಯುತ್ತದೆ. ಆದುದರಿಂದ ಮನೆಯಲ್ಲಿ ಚೀಸ್ ಮಾಡಲು ಪೇಟೆಯಿಂದ ಏನನ್ನೂ ತರಬೇಕಾದ ಅಗತ್ಯವಿಲ್ಲ.

ಗಿಣ್ಣು ಎಂಬ ಮಾತು

ಇಂದು ಕನ್ನಡದಲ್ಲಿ ಚೀಸ್‌ಗೆ ‘ಗಿಣ್ಣು’ ಎಂಬ ಪದವನ್ನು ಹಲವರು ಬಳಸುತ್ತಾರೆ. ಹಳ್ಳಿಯ ತಾಯಿಗೆ ಈ ಮಾತು ಕೇಳಿದೊಡನೆ ನೆನಪಾಗುವುದು ಬೇರೆಯೇ ವಸ್ತು. ಹಸು ಅಥವಾ ಎಮ್ಮೆ ಕರು ಹಾಕಿದ ಮೊದಲ ದಿನಗಳ ಹಳದಿ ಬಣ್ಣದ ಗಟ್ಟಿ ಹಾಲಿಗೆ ಬೆಲ್ಲ, ಏಲಕ್ಕಿ ಸೇರಿಸಿ ಹಬೆಯಲ್ಲಿ ಬೇಯಿಸಿದರೆ ಅಲುಗಾಡುವ ಹದದ ಗಿಣ್ಣು ಸಿದ್ಧವಾಗುತ್ತದೆ. ಅದನ್ನು ಒಬ್ಬರೇ ತಿನ್ನುವ ಪದ್ಧತಿಯಿಲ್ಲ. ಅಕ್ಕಪಕ್ಕದ ಮನೆಗಳಿಗೆ ಬಟ್ಟಲಲ್ಲಿ ಕಳುಹಿಸಲೇಬೇಕು.

ಗಿಣ್ಣು ಗಟ್ಟಿಯಾಗಲು ಹುಳಿ ಬೇಕಿಲ್ಲ, ಬಿಸಿಯೊಂದೇ ಸಾಕು. ಸಾಮಾನ್ಯ ಹಾಲನ್ನು ಎಷ್ಟು ಕಾಯಿಸಿದರೂ ಗಟ್ಟಿಯಾಗುವುದಿಲ್ಲ, ಮೊದಲ ಹಾಲು ಮಾತ್ರ ಏಕೆ ಗಟ್ಟಿಯಾಗುತ್ತದೆ ಎಂಬುದು ವಿದ್ಯಾರ್ಥಿಗಳು ಕೇಳಬೇಕಾದ ಪ್ರಶ್ನೆ. ಸಾಮಾನ್ಯ ಹಸುವಿನ ಹಾಲಿನಲ್ಲಿ ಪ್ರೋಟೀನಿನ ಪ್ರಮಾಣ ಶೇ. 3ಕ್ಕಿಂತ ಸ್ವಲ್ಪ ಹೆಚ್ಚು. ಮೊದಲ ಕರೆಯ ಗಿಣ್ಣದ ಹಾಲಿನಲ್ಲಿ ಅದರ ನಾಲ್ಕು ಪಟ್ಟು, ಅಂದರೆ ಶೇ. 14ರ ಆಸುಪಾಸಿನವರೆಗೂ ಇರುತ್ತದೆ. ಆ ಹೆಚ್ಚುವರಿ ಪ್ರೋಟೀನಿನ ಬಹುಭಾಗ ರೋಗನಿರೋಧಕ ವಸ್ತುಗಳಿಂದ ಕೂಡಿದ್ದು, ಮೊಟ್ಟೆಯ ಬಿಳಿಯಂತೆ ಬಿಸಿಗೆ ಗಟ್ಟಿಯಾಗುತ್ತದೆ.

ಇಲ್ಲಿಯೇ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಆ ರೋಗನಿರೋಧಕ ವಸ್ತುಗಳನ್ನು ಪ್ರಕೃತಿ ಇಟ್ಟಿರುವುದು ಕರುವಿಗಾಗಿ. ಮನುಷ್ಯರ ಕೂಸಿಗೆ ತಾಯಿಯ ಗರ್ಭದಲ್ಲಿಯೇ ರೋಗನಿರೋಧಕ ವಸ್ತುಗಳು ದಾಟಿ ಬರುತ್ತವೆ. ದನದ ಕರುವಿಗೆ ಹಾಗೆ ಬರುವುದಿಲ್ಲ. ಹುಟ್ಟಿದ ಕರುವಿನ ಕರುಳು ಈ ವಸ್ತುಗಳನ್ನು ನೇರವಾಗಿ ಹೀರಿಕೊಳ್ಳುವುದು ಮೊದಲ ಒಂದು ದಿನ ಮಾತ್ರ, ಅದರಲ್ಲಿಯೂ ಮೊದಲ ಕೆಲವು ಗಂಟೆಗಳಲ್ಲಿ ಹೆಚ್ಚು. ಆಮೇಲೆ ಆ ಬಾಗಿಲು ಮುಚ್ಚಿಹೋಗುತ್ತದೆ. ಆದುದರಿಂದ ಹುಟ್ಟಿದ ಒಂದು ಗಂಟೆಯೊಳಗೆ ಕರು ಮೊದಲ ಹಾಲನ್ನು ಕುಡಿಯಬೇಕು. ಮೊದಲ ದಿನದಲ್ಲಿ ತನ್ನ ತೂಕದ ಹತ್ತನೆಯ ಒಂದು ಪಾಲಿನಷ್ಟಾದರೂ ಕುಡಿಯಬೇಕು. 25 ಕಿಲೋ ತೂಕದ ಕರುವಿಗೆ ಎರಡೂವರೆ ಲೀಟರ್. ಕರುವಿನ ಹೊಟ್ಟೆ ತುಂಬಿ ಕೆಚ್ಚಲಲ್ಲಿ ಉಳಿದುದು ಮನೆಯ ಗಿಣ್ಣಿಗೆ, ನೆರೆಮನೆಯ ಬಟ್ಟಲಿಗೆ. ಗಿಣ್ಣದ ಹಾಲನ್ನು ಪೇಟೆಯಲ್ಲಿ ಮಾರುವ ಆಸೆಗೆ ಗಂಡುಕರುವಿನ ಬಾಯಿ ಕಟ್ಟುವುದು ಧರ್ಮವೂ ಅಲ್ಲ, ಜಾಣತನವೂ ಅಲ್ಲ.

ಸಾವಿರ ವರ್ಷದ ಹಿಂದಿನ ಅಡುಗೆಮನೆ

ಭಾರತೀಯರಿಗೆ ಹಾಲನ್ನು ಒಡೆಸುವುದು ಗೊತ್ತಿರಲಿಲ್ಲ, ಪೋರ್ಚುಗೀಸರು ಬಂದ ಮೇಲೆ ಬಂಗಾಳದಲ್ಲಿ ಕಲಿತರು ಎಂಬ ಮಾತು ಬಹುಕಾಲದಿಂದ ಪ್ರಚಾರದಲ್ಲಿದೆ. ಕನ್ನಡಿಗರು ಈ ಮಾತನ್ನು ಒಪ್ಪುವ ಮೊದಲು ತಮ್ಮ ಹಳೆಯ ಪುಸ್ತಕಗಳನ್ನು ತೆರೆದು ನೋಡಬೇಕು. ಕಲ್ಯಾಣದ ಚಾಲುಕ್ಯ ದೊರೆ ಇಮ್ಮಡಿ ಜಯಸಿಂಹನ ಆಸ್ಥಾನದಲ್ಲಿದ್ದ ಇಮ್ಮಡಿ ಚಾವುಂಡರಾಯನು 1025ರ ಸುಮಾರಿನಲ್ಲಿ ‘ಲೋಕೋಪಕಾರ’ವೆಂಬ ಕನ್ನಡ ಗ್ರಂಥವನ್ನು ರಚಿಸಿದನು. ಹೆಸರೇ ಹೇಳುವಂತೆ ಅದು ಜನರ ದಿನಬಳಕೆಗಾಗಿ ಬರೆದ ಪುಸ್ತಕ. ಬಾವಿ ತೋಡಲು ನೆಲದಲ್ಲಿ ನೀರು ಗುರುತಿಸುವುದು, ಮರಗಿಡಗಳ ಆರೈಕೆ, ಜಾನುವಾರುಗಳ ಮದ್ದು, ಸುಗಂಧ, ಅಡುಗೆ, ಎಲ್ಲವೂ ಅದರಲ್ಲಿವೆ. ಅಡುಗೆಯ ಭಾಗದಲ್ಲಿ ಹಾಲನ್ನು ಒಡೆಸಿ ಗಟ್ಟಿಮಾಡುವ ವಿಧಾನಗಳೂ ಬಂದಿವೆ.

ಗಮನಿಸಬೇಕಾದ ಸಂಗತಿಯೆಂದರೆ, ಅಲ್ಲಿ ಹಾಲನ್ನು ಒಡೆಸುವುದು ಗಿಡಮೂಲಿಕೆಗಳಿಂದ. ದಂಟಿನ ಜಾತಿಯ ಸೊಪ್ಪಿನ ಬೇರು, ನೀರಿನಂಚಿನಲ್ಲಿ ಬೆಳೆಯುವ ಮುಳ್ಳುಗಿಡವೊಂದರ ಎಲೆ, ಬೇಲಿಬದಿಯ ತುತ್ತಿ ಗಿಡ ಇವುಗಳನ್ನು ವಿದ್ವಾಂಸರು ಗುರುತಿಸಿದ್ದಾರೆ. ತುತ್ತಿಯಿಂದ ಒಡೆಸುವುದು ಎಮ್ಮೆಯ ಹಾಲನ್ನು. ಹಾಗೆ ದೊರೆತ ಗಟ್ಟಿಯನ್ನು ಉಂಡೆಕಟ್ಟಿ ಸಿಹಿತಿನಿಸು ಮಾಡುತ್ತಿದ್ದರು. ಇದಾದ ನೂರು ವರ್ಷಗಳ ಮೇಲೆ, 1129ರ ಸುಮಾರಿನಲ್ಲಿ, ಅದೇ ಮನೆತನದ ದೊರೆ ಮುಮ್ಮಡಿ ಸೋಮೇಶ್ವರನು ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿಯೂ ಹುಳಿ ಬೆರೆಸಿ ಹಾಲನ್ನು ಒಡೆಸಿ, ಬಟ್ಟೆಯಲ್ಲಿ ಸೋಸಿ, ಅಕ್ಕಿಹಿಟ್ಟು ಸೇರಿಸಿ ಕರಿದು ಸಕ್ಕರೆಪಾಕ ಸವರುವ ತಿಂಡಿಯ ವಿವರವಿದೆ. ಪೋರ್ಚುಗೀಸರ ಹಡಗು ಕಲ್ಲಿಕೋಟೆಗೆ ಬಂದುದು 1498ರಲ್ಲಿ. ಅದಕ್ಕೆ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಕನ್ನಡ ನಾಡಿನ ಅಡುಗೆಮನೆಯಲ್ಲಿ ಒಡೆದ ಹಾಲಿಗೆ ಮರ್ಯಾದೆಯಿತ್ತು.

ಹಾಗಾದರೆ ಪಶ್ಚಿಮ ದೇಶಗಳಂತೆ ತಿಂಗಳುಗಟ್ಟಲೆ ಮಾಗಿಸಿದ ಚೀಸ್ ಇಲ್ಲಿ ಏಕೆ ಬೆಳೆಯಲಿಲ್ಲ? ಕಾರಣ ಹವೆಯಲ್ಲಿದೆ. ಆಲ್ಪ್ಸ್ ಪರ್ವತದ ದನಗಾಹಿಗಳು ಬೇಸಿಗೆಯಲ್ಲಿ ಜಾನುವಾರುಗಳನ್ನು ಎತ್ತರದ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಅಲ್ಲಿಂದ ದಿನವೂ ಹಾಲನ್ನು ಕೆಳಗಿಳಿಸುವುದು ಅಸಾಧ್ಯವಾದುದರಿಂದ ಹಾಲನ್ನು ಚೀಸ್ ಮಾಡಿ, ತಂಪಾದ ನೆಲಮಾಳಿಗೆಗಳಲ್ಲಿ ಇಟ್ಟು, ಚಳಿಗಾಲಕ್ಕೆ ಕೂಡಿಡುತ್ತಿದ್ದರು. ಮಾಗುವ ಚೀಸ್‌ಗೆ 10ರಿಂದ 13 ಡಿಗ್ರಿಯಷ್ಟು ತಂಪು ಬೇಕು. ಮಲೆನಾಡಿನ ಮಳೆ, ಬಯಲುಸೀಮೆಯ ಬಿಸಿಲು ಎರಡರಲ್ಲಿಯೂ ಅದು ಕೊಳೆತುಹೋಗುತ್ತದೆ. ಬೆಟ್ಟದ ಮೇಲಿನ ಮನೆಗೆ ಇಲ್ಲಿಯೂ ಅದೇ ತೊಡಕಿತ್ತು: ಹಾಲು ಹೆಚ್ಚು, ದಾರಿ ದೂರ. ಕನ್ನಡಿಗರು ಕಂಡುಕೊಂಡ ಪರಿಹಾರ ತುಪ್ಪ. ಬೆಣ್ಣೆ ಕಾಯಿಸಿ ನೀರಿನಂಶ ತೆಗೆದರೆ ಅದು ಕೆಡದೆ ಉಳಿಯುತ್ತದೆ. ಉಳಿದ ಮಜ್ಜಿಗೆ ಅಂದಂದಿನ ಊಟಕ್ಕೆ. ಟಿಬೆಟ್ಟಿನ ಎತ್ತರದ ಜನರು ಮಜ್ಜಿಗೆಯನ್ನೂ ಬಿಡಲಿಲ್ಲ. ಬೆಣ್ಣೆ ತೆಗೆದ ಮಜ್ಜಿಗೆಯನ್ನು ಕುದಿಸಿ, ಒಡೆದ ಗಟ್ಟಿಯನ್ನು ಸೋಸಿ, ಹಿಂಡಿ, ಒಣಗಿಸಿ ಕಲ್ಲಿನಂತಹ ಛುರ್ಪಿ ಮಾಡಿದರು. 1960ರ ದಶಕದಿಂದ ಬೈಲುಕುಪ್ಪೆ, ಮುಂಡಗೋಡುಗಳಲ್ಲಿ ನೆಲೆಸಿರುವ ಟಿಬೆಟನ್ನರಿಗೆ ಈ ರುಚಿ ಚಿರಪರಿಚಿತ.

ಇಂದು ಶೀತಕ ಯಂತ್ರಗಳು ಬಂದ ಮೇಲೆ ಹವೆಯ ಅಡ್ಡಿಯೂ ಕಡಿಮೆಯಾಗಿದೆ. ಬೆಂಗಳೂರಿನಲ್ಲಿ ವಲ್ಲೊಂಬ್ರೋಸಾ ಪಂಥದ ಬೆನೆಡಿಕ್ಟೈನ್ ಸನ್ಯಾಸಿಗಳು 2004ರಿಂದ ಇಟಲಿಯ ಪದ್ಧತಿಯಲ್ಲಿ ಮೊಜ್ಜರೆಲ್ಲಾ ಮೊದಲಾದ ತಾಜಾ ಚೀಸ್‌ಗಳನ್ನು ತಯಾರಿಸುತ್ತ ಬಂದಿದ್ದಾರೆ. ಕರ್ನಾಟಕ ಹಾಲು ಮಹಾಮಂಡಳದ ನಂದಿನಿ ಪನೀರ್, ಚೀಸ್‌ಗಳು ಊರೂರಿನ ಅಂಗಡಿಗಳನ್ನು ತಲುಪಿವೆ.

ಹಾಲು ಒಡೆಯುವುದೆಂದರೇನು?

ಹಾಲಿನ ಪ್ರೋಟೀನಿನಲ್ಲಿ ಸುಮಾರು ಶೇ. 80ರಷ್ಟು ಕೇಸೀನ್. ಅದು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಹಾಲಿನಲ್ಲಿ ತೇಲುತ್ತಿರುತ್ತದೆ. ಪ್ರತಿ ಕಣದ ಮೇಲೂ ಋಣ ವಿದ್ಯುದಂಶ ಇರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತ ಬೇರೆಬೇರೆಯಾಗಿಯೇ ಉಳಿಯುತ್ತವೆ. ಹಾಲು ಬೆಳ್ಳಗೆ ಕಾಣಲು ಈ ಕಣಗಳೂ ಕೊಬ್ಬಿನ ಹನಿಗಳೂ ಬೆಳಕನ್ನು ಚದುರಿಸುವುದೇ ಕಾರಣ. ಹುಳಿ ಬೆರೆತಾಗ ಆ ವಿದ್ಯುದಂಶ ಕಳೆದುಹೋಗುತ್ತದೆ. ದೂರ ತಳ್ಳುವ ಶಕ್ತಿ ಇಲ್ಲದಾದಾಗ ಕಣಗಳು ಒಂದಕ್ಕೊಂದು ಅಂಟಿಕೊಂಡು, ಕೊಬ್ಬನ್ನೂ ಹಿಡಿದುಕೊಂಡು ಗಟ್ಟಿಯಾಗುತ್ತವೆ. ಉಳಿಯುವುದು ಹಸಿರು ಛಾಯೆಯ ತಿಳಿನೀರು.

ಎರಡನೆಯ ದಾರಿ ರೆನೆಟ್ ಎಂಬ ಕಿಣ್ವದ್ದು. ಹಾಲು ಕುಡಿಯುವ ಕರುವಿನ ನಾಲ್ಕನೆಯ ಜಠರದಲ್ಲಿ ಇದು ಇರುತ್ತದೆ. ಯುರೋಪಿನ ಹಳೆಯ ಚೀಸ್‌ಗಳಲ್ಲಿ ಬಹುಪಾಲು ಇದರಿಂದ ಹುಟ್ಟಿದವು. ಈಗ ಶಿಲೀಂಧ್ರ ಮೊದಲಾದ ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್ ದೊರೆಯುತ್ತದೆ. ಭಾರತದಲ್ಲಿ ಹಸಿರು ಚುಕ್ಕೆ ಹೊತ್ತು ಮಾರಾಟವಾಗುವ ಚೀಸ್‌ಗಳು ಇಂತಹವೇ. ಚಾವುಂಡರಾಯನ ಗ್ರಂಥದ ಗಿಡಮೂಲಿಕೆಗಳು ಮೂರನೆಯ ದಾರಿಯನ್ನು ತೋರುತ್ತವೆ.

ಮಾಡುವ ಬಗೆ: ಪನೀರ್

ಎರಡು ಲೀಟರ್ ಹಾಲು ತೆಗೆದುಕೊಳ್ಳಬೇಕು. ಎಮ್ಮೆಯ ಹಾಲಾದರೆ ಹೆಚ್ಚು ಗಟ್ಟಿ ದೊರೆಯುತ್ತದೆ. ಹಸುವಿನ ಹಾಲಾದರೆ ಮೃದುವಾಗಿರುತ್ತದೆ. ಕೆನೆ ತೆಗೆಯಬಾರದು. ಸ್ಟೀಲ್ ಪಾತ್ರೆಯನ್ನೇ ಬಳಸಬೇಕು. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಹಾಗೂ ಅಲ್ಯೂಮಿನಿಯಂ ಪಾತ್ರೆಗಳು ಹುಳಿಗೆ ತಕ್ಕವಲ್ಲ.

ಹಾಲನ್ನು ತಳ ಹಿಡಿಯದಂತೆ ಕೈಯಾಡಿಸುತ್ತ ಚೆನ್ನಾಗಿ ಕುದಿಸಿ, ಒಲೆಯಿಂದ ಇಳಿಸಿ, ಐದು ನಿಮಿಷ ಬಿಡಬೇಕು. ಮೊದಲೇ ಹುಳಿ ಸಿದ್ಧವಾಗಿರಲಿ. ಮೂರು ನಾಲ್ಕು ನಿಂಬೆಹಣ್ಣಿನ ರಸಕ್ಕೆ ಅಷ್ಟೇ ನೀರು ಬೆರೆಸಿದರಾಯಿತು. ಹುಣಸೆಯಾದರೆ ನಿಂಬೆ ಗಾತ್ರದ ಎರಡು ಉಂಡೆಗಳನ್ನು ಅರ್ಧ ಲೋಟ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಕಿವುಚಿ, ಬಟ್ಟೆಯಲ್ಲಿ ಎರಡು ಬಾರಿ ಸೋಸಿಕೊಳ್ಳಬೇಕು. ಹೊಸ ಹುಣಸೆ ಉತ್ತಮ. ಹಳೆಯ ಕಪ್ಪು ಹುಣಸೆಯಿಂದ ಪನೀರ್‌ಗೆ ಕಂದು ಬಣ್ಣ ಬರುತ್ತದೆ. ಹೊಸ ಹುಣಸೆಯಿಂದಲೂ ಚೂರು ಛಾಯೆ ಉಳಿಯುವುದುಂಟು, ಅದು ದೋಷವಲ್ಲ.

ಹುಳಿಯನ್ನು ಒಮ್ಮೆಗೇ ಸುರಿಯದೆ ಒಂದೊಂದು ಚಮಚೆಯಂತೆ ಹಾಕುತ್ತ ಮೆಲ್ಲಗೆ ಕೈಯಾಡಿಸಬೇಕು. ಗಟ್ಟಿ ಬೇರೆಯಾಗಿ ನೀರು ತಿಳಿಯಾದೊಡನೆ ನಿಲ್ಲಿಸಬೇಕು. ನೀರು ಇನ್ನೂ ಹಾಲಿನಂತೆ ಬೆಳ್ಳಗಿದ್ದರೆ ಮತ್ತೊಂದು ಚಮಚೆ ಹುಳಿ ಬೇಕೆಂದು ಅರ್ಥ. ಹತ್ತು ನಿಮಿಷ ಮುಚ್ಚಿಟ್ಟು, ಆಮೇಲೆ ಒಗೆದು ಕುದಿಸಿದ ತೆಳು ಪಂಚೆಯ ತುಂಡಿನಲ್ಲಿ ಸೋಸಬೇಕು. ಕೆಳಗೆ ಪಾತ್ರೆಯಿಡುವುದನ್ನು ಮರೆಯಬಾರದು. ತಿಳಿನೀರಿನ ಮಾತು ಮುಂದೆ ಬರುತ್ತದೆ. ಗಟ್ಟಿಯ ಮೇಲೆ ಒಂದು ಚೊಂಬು ಕುದಿಸಿ ಆರಿಸಿದ ನೀರು ಸುರಿದರೆ ಹುಳಿವಾಸನೆ ಹೋಗುತ್ತದೆ. ಬಟ್ಟೆಯನ್ನು ಗಂಟುಕಟ್ಟಿ ಅರ್ಧ ಗಂಟೆ ನೇತುಹಾಕಿದರೆ ಉದುರುದುರಾದ ಮೃದು ಗಟ್ಟಿ ದೊರೆಯುತ್ತದೆ. ತುಂಡುಗಳಾಗಿ ಕತ್ತರಿಸಬೇಕಾದರೆ ಗಂಟನ್ನು ತಟ್ಟೆಯ ಮೇಲಿಟ್ಟು, ಮೇಲೊಂದು ತಟ್ಟೆ ಮುಚ್ಚಿ, ಅದರ ಮೇಲೆ ರುಬ್ಬುಗುಂಡನ್ನು ಒಂದು ಗಂಟೆ ಇಡಬೇಕು. ಹುಳಿ ಬೆರೆತ ಮೇಲೆ ಮತ್ತೆ ಕುದಿಸಿದರೂ, ಭಾರ ಅತಿಯಾದರೂ ಪನೀರ್ ರಬ್ಬರಿನಂತಾಗುತ್ತದೆ.

ಎರಡು ಲೀಟರ್ ಹಸುವಿನ ಹಾಲಿಗೆ ಸುಮಾರು 300 ಗ್ರಾಂ, ಎಮ್ಮೆಯ ಹಾಲಿಗೆ 400 ಗ್ರಾಂನಷ್ಟು ಪನೀರ್ ನಿರೀಕ್ಷಿಸಬಹುದು. ಮಾಡಿದ ದಿನವೇ ತಿನ್ನುವುದು ಮೇಲು. ಫ್ರಿಜ್ ಇದ್ದರೆ ಕುದಿಸಿ ಆರಿಸಿದ ನೀರಿನಲ್ಲಿ ಮುಳುಗಿಸಿಟ್ಟು, ದಿನವೂ ನೀರು ಬದಲಾಯಿಸುತ್ತ ಮೂರು ದಿನ ಉಳಿಸಬಹುದು.

ಕಟ್ಟಿದ ಮೊಸರಿನ ಚೀಸ್

ಇದಕ್ಕೆ ಒಲೆಯೂ ಬೇಡ. ಕಾಯಿಸಿದ ಹಾಲಿಗೆ ಹೆಪ್ಪು ಹಾಕಿ ಮಾಡಿದ, ಹುಳಿಯಾಗದ ಒಂದು ಲೀಟರ್ ಗಟ್ಟಿಮೊಸರನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿಯ ತಂಪಿನಲ್ಲಿ ಆರೆಂಟು ಗಂಟೆ ನೇತುಹಾಕಬೇಕು. ಉತ್ತರ ಕರ್ನಾಟಕದವರು ಶ್ರೀಖಂಡಕ್ಕಾಗಿ ಮಾಡುವ ಚಕ್ಕೆ ಇದೇ. ಅದಕ್ಕೆ ಸಕ್ಕರೆಯ ಬದಲು ಉಪ್ಪು, ಕುಟ್ಟಿದ ಜೀರಿಗೆ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಬೆರೆಸಿದರೆ ರೊಟ್ಟಿಯ ಮೇಲೆ ಸವರಿ ತಿನ್ನುವ ಚೀಸ್ ಆಗುತ್ತದೆ. ಮಕ್ಕಳ ಮೊದಲ ಪ್ರಯೋಗಕ್ಕೆ ಇದಕ್ಕಿಂತ ಸುಲಭವಾದುದಿಲ್ಲ.

ರೆನೆಟ್ ಬಳಸಿ ಮುಂದುವರಿಯಬಯಸುವ ವಿದ್ಯಾರ್ಥಿಗಳು ಒಂದೆರಡು ಅಂಶಗಳನ್ನು ತಿಳಿದಿರಬೇಕು. ರೆನೆಟ್‌ಗೆ ಬೇಕಾದುದು ಸುಮಾರು 32ರಿಂದ 35 ಡಿಗ್ರಿಯ ಉಗುರುಬೆಚ್ಚನೆಯ ಹಾಲು. ಹಾಲನ್ನು ಮೊದಲು 63 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ ಶುದ್ಧಗೊಳಿಸಿ ಆರಿಸಬೇಕು. ಚೆನ್ನಾಗಿ ಕುದಿಸಿದ ಹಾಲಾಗಲಿ, ತಿಂಗಳುಗಟ್ಟಲೆ ಕೆಡದ ಪೊಟ್ಟಣದ ಹಾಲಾಗಲಿ ರೆನೆಟ್‌ಗೆ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಹಸಿಹಾಲಿನಿಂದ ಮನೆಯಲ್ಲಿ ಚೀಸ್ ಮಾಡುವ ಸಾಹಸ ಬೇಡ. ದನಗಳು ಕಂದುಹಾಕಲು ಕಾರಣವಾಗುವ ಬ್ರುಸೆಲ್ಲಾ ರೋಗವೂ ಕ್ಷಯವೂ ಹಸಿಹಾಲಿನಿಂದ ಮನುಷ್ಯರಿಗೆ ದಾಟುತ್ತವೆ.

ತಿಳಿನೀರು ಕೆರೆಗೆ ಹೋಗಬಾರದು

ಎರಡು ಲೀಟರ್ ಹಾಲಿನಿಂದ ಒಂದೂವರೆ ಲೀಟರ್‌ನಷ್ಟು ತಿಳಿನೀರು ಉಳಿಯುತ್ತದೆ. ಹಾಲಿನ ಸಕ್ಕರೆಯ ಬಹುಪಾಲು, ಖನಿಜಗಳು, ಕೆಲವು ಜೀವಸತ್ವಗಳು ಅದರಲ್ಲಿಯೇ ಇರುತ್ತವೆ. ಅದನ್ನು ಬಚ್ಚಲಿಗೆ ಸುರಿಯುವುದು ದುಂದು ಮಾತ್ರವಲ್ಲ, ಕೆರೆಗೆ ಬಗೆಯುವ ಕೇಡು ಕೂಡ. ಕೊಳೆಯುವಾಗ ಒಂದು ಲೀಟರ್ ತಿಳಿನೀರು 30ರಿಂದ 50 ಗ್ರಾಂ ಆಮ್ಲಜನಕವನ್ನು ನೀರಿನಿಂದ ಕಸಿಯುತ್ತದೆ. ಮನೆಗಳ ಕೊಳಚೆನೀರಿನ ನೂರು ಪಟ್ಟಿನಷ್ಟು ಇದು. ಶುಭ್ರವಾದ ಕೆರೆಯ ಒಂದು ಲೀಟರ್ ನೀರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ ಮಾತ್ರ. ಲೆಕ್ಕ ಹಾಕಿದರೆ ಒಂದು ಲೀಟರ್ ತಿಳಿನೀರು ಮೂರು ಸಾವಿರ ಲೀಟರಿಗೂ ಹೆಚ್ಚು ಕೆರೆನೀರಿನ ಉಸಿರನ್ನು ಕಟ್ಟಬಲ್ಲದು. ಪಶ್ಚಿಮದ ದೇಶಗಳಲ್ಲಿ ಚೀಸ್ ಕಾರ್ಖಾನೆಗಳ ತಿಳಿನೀರು ಹೊಳೆಗಳನ್ನು ಕೆಡಿಸಿದ ಮೇಲೆಯೇ ಅದನ್ನು ಒಣಗಿಸಿ ಪುಡಿಮಾಡಿ ಮಾರುವ ಉಪಾಯ ಬೆಳೆಯಿತು.

ಹಳ್ಳಿಯ ಮನೆಗೆ ಕಾರ್ಖಾನೆಯ ಉಪಾಯ ಬೇಕಿಲ್ಲ. ತಿಳಿನೀರನ್ನು ರಾಗಿ ಅಂಬಲಿಗೆ ಸೇರಿಸಬಹುದು, ಚಪಾತಿಯ ಹಿಟ್ಟು ಕಲಸಬಹುದು, ಸಾರಿಗೆ ಹುಳಿಯಾಗಿ ಬಳಸಬಹುದು. ಒಂದು ದಿನ ಹಾಗೆಯೇ ಇಟ್ಟು ಹುಳಿಬರಿಸಿದರೆ ಮರುದಿನದ ಹಾಲನ್ನು ಒಡೆಸಲು ಅದೇ ಸಾಕಾಗುತ್ತದೆ; ನಿಂಬೆ ಹುಣಸೆಗಿಂತ ಹೆಚ್ಚು ಪ್ರಮಾಣದಲ್ಲಿ ಹಾಕಬೇಕಷ್ಟೆ. ಉಪ್ಪು ಬೆರೆಸದ ತಾಜಾ ತಿಳಿನೀರನ್ನು ಕಲಗಚ್ಚಿಗೆ ಸ್ವಲ್ಪ ಸೇರಿಸಿ ದನಗಳಿಗೆ ಕೊಡಬಹುದು. ಹತ್ತು ಪಾಲು ನೀರು ಬೆರೆಸಿ ತೆಂಗಿನ ಪಾತಿಗೆ ಹಾಕಬಹುದು.

ಸವಿಯುವ ಬಗೆ

ಪನೀರ್ ಎಂದರೆ ಹೋಟೆಲಿನ ಕೆಂಪು ಮಸಾಲೆಯಲ್ಲಿ ಮುಳುಗಿದ ತುಂಡು ಎಂಬ ಭಾವನೆ ಬೆಳೆದಿದೆ. ಆಗ ತಾನೇ ಸೋಸಿದ, ಇನ್ನೂ ಬೆಚ್ಚಗಿರುವ ಗಟ್ಟಿಗೆ ಉಪ್ಪು, ಕಾಳುಮೆಣಸಿನ ಪುಡಿ ಉದುರಿಸಿ ಬಿಸಿ ರಾಗಿರೊಟ್ಟಿಯೊಡನೆ ತಿಂದವರಿಗೆ ಹಾಲಿನ ನಿಜವಾದ ರುಚಿ ತಿಳಿಯುತ್ತದೆ. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಹಿತಕಿದ ಅವರೆಬೇಳೆಯ ಒಗ್ಗರಣೆಗೆ ಒಂದು ಹಿಡಿ ಉದುರುಪನೀರ್ ಸೇರಿಸಬಹುದು. ಭೌಗೋಳಿಕ ಮಾನ್ಯತೆ ಪಡೆದ ದೇವನಹಳ್ಳಿಯ ಚಕ್ಕೋತದ ತೊಳೆಗಳನ್ನು ಬಿಡಿಸಿ, ಮೇಲೆ ಕಟ್ಟಿದ ಮೊಸರಿನ ಚೀಸ್, ಚಿಟಿಕೆ ಉಪ್ಪು, ಮೆಣಸು ಹಾಕಿದರೆ ಸಿಹಿ, ಹುಳಿ, ಕಹಿ, ಕಾರ, ಉಪ್ಪು ಐದೂ ಒಂದೇ ತುತ್ತಿನಲ್ಲಿ ಬರುತ್ತವೆ. ಎಮ್ಮೆಯ ಹಾಲಿನದು, ಹಸುವಿನ ಹಾಲಿನದು, ಹುಣಸೆಯಿಂದ ಒಡೆಸಿದುದು, ನಿಂಬೆಯಿಂದ ಒಡೆಸಿದುದು ಎಂದು ಬೇರೆಬೇರೆ ತಟ್ಟೆಗಳಲ್ಲಿಟ್ಟು ಹೋಲಿಸಿ ನೋಡುವುದೂ ಒಂದು ಸಂತೋಷ. ಹಸಿಹುಲ್ಲು ಮೇಯ್ದ ಹಸುವಿನ ಹಾಲು ಹಳದಿ. ಒಣಮೇವಿನ ಕಾಲದ ಹಾಲು ಪೇಲವ. ಮೇವಿನ ಋತು ನಾಲಿಗೆಗೆ ತಿಳಿಯುತ್ತದೆ.

ಆದರೆ ಅಳತೆ ಮರೆಯಬಾರದು. ಒಂದು ಕಿಲೋ ಗಟ್ಟಿ ಚೀಸ್‌ಗೆ ಸುಮಾರು ಹತ್ತು ಲೀಟರ್ ಹಾಲು ಬೇಕು. ಆ ಹಾಲಿನ ಹಿಂದೆ ಹುಲ್ಲು, ನೀರು, ಹೆಂಗಸರ ನಸುಕಿನ ದುಡಿಮೆ ಎಲ್ಲವೂ ಇವೆ. ಮನೆಯ ಮಕ್ಕಳ ಲೋಟದ ಹಾಲನ್ನು ಕಿತ್ತು ಪನೀರ್ ಮಾಡುವುದು ತರವಲ್ಲ. ಮಳೆಗೆ ದಾರಿ ಕಡಿದು ಡೈರಿಯ ಗಾಡಿ ಬಾರದ ದಿನ, ಹಬ್ಬದ ಮರುದಿನ, ಎಮ್ಮೆ ಹೆಚ್ಚು ಹಾಲು ಕೊಡುವ ತಿಂಗಳು, ಉಳಿದ ಹಾಲನ್ನು ಉಳಿಸಿಕೊಳ್ಳುವ ಉಪಾಯ ಇದು. ಪೇಟೆಯಲ್ಲಿ ಕೊಳ್ಳುವವರು ಒಂದು ಎಚ್ಚರ ವಹಿಸಬೇಕು: ತಾಳೆಎಣ್ಣೆ ಮೊದಲಾದ ಹಾಲಿನದಲ್ಲದ ಕೊಬ್ಬು ಬೆರೆಸಿದ, ಪನೀರ್‌ನಂತೆ ಕಾಣುವ ವಸ್ತುವೂ ಮಾರಾಟವಾಗುತ್ತದೆ. ಅದನ್ನು ಪನೀರ್ ಎಂದು ಹೇಳಿ ಮಾರಲು ಕಾನೂನಿನ ಒಪ್ಪಿಗೆಯಿಲ್ಲ. ಪೊಟ್ಟಣದ ಮೇಲಿನ ಅಕ್ಷರಗಳನ್ನು ಓದುವ ಅಭ್ಯಾಸ ಒಳ್ಳೆಯದು.

ಹುಲ್ಲು ಉಳಿದರೆ ಹಾಲು

ಚೀಸ್‌ನ ಮಾತು ಹಾಲಿಗೆ, ಹಾಲಿನ ಮಾತು ಹುಲ್ಲಿಗೆ, ಹುಲ್ಲಿನ ಮಾತು ನೆಲಕ್ಕೆ ಬಂದು ನಿಲ್ಲುತ್ತದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ತಾಲ್ಲೂಕಿನ ನೆಲದ ಬೆಲೆ ಏರುತ್ತಲೇ ಬಂದಿದೆ. ಗೋಮಾಳಗಳೂ ಹೊಲದ ಬದುಗಳೂ ಕಿರಿದಾಗಿವೆ. ಚನ್ನರಾಯಪಟ್ಟಣ ಹೋಬಳಿಯ 13 ಗ್ರಾಮಗಳ 1,777 ಎಕರೆ ನೆಲವನ್ನು ಕೈಗಾರಿಕೆಗೆ ಸ್ವಾಧೀನಪಡಿಸಿಕೊಳ್ಳುವ ಯತ್ನದ ವಿರುದ್ಧ ರೈತರು 2022ರ ಏಪ್ರಿಲ್‌ನಲ್ಲಿ ಧರಣಿ ಕುಳಿತರು. 1,198 ದಿನಗಳು ಕಳೆದ ಮೇಲೆ, 2025ರ ಜುಲೈ 15ರಂದು, ಆ ಸ್ವಾಧೀನವನ್ನು ಕೈಬಿಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಘೋಷಿಸಿದರು. ತಾವಾಗಿಯೇ ನೆಲ ಕೊಡಲು ಮುಂದೆ ಬರುವವರಿಂದ ಮಾತ್ರ ಪಡೆಯುವುದಾಗಿ ತಿಳಿಸಿದರು. ಆ ಹೊಲಗಳಲ್ಲಿ ರಾಗಿ, ರೇಷ್ಮೆ, ದ್ರಾಕ್ಷಿ, ತರಕಾರಿಗಳ ಜೊತೆಗೆ ಹಾಲೂ ಹುಟ್ಟುತ್ತದೆ. ರಾಗಿಯ ಹುಲ್ಲು ಬಣವೆಯಾದರೆ ತಾನೇ ಕೊಟ್ಟಿಗೆಯಲ್ಲಿ ಹಸು ನಿಲ್ಲುವುದು? ಬೆಟ್ಟದ ಊರುಗಳಲ್ಲಿಯೂ ಇದೇ ಕಥೆ. ಬ್ಯಾಣ, ಕಾವಲು, ಗೋಮಾಳಗಳು ನೆಡುತೋಪಾದಂತೆ, ರೆಸಾರ್ಟ್ ಆದಂತೆ, ಬಯಲಲ್ಲಿ ಮೇಯ್ದು ಬದುಕುವ ಮಲೆನಾಡು ಗಿಡ್ಡದಂತಹ ತಳಿಗಳು ಕೊಟ್ಟಿಗೆಯಿಂದ ಮರೆಯಾಗುತ್ತಿವೆ.

ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಕೆಲಸ ಕಾದಿದೆ. ಪ್ರತಿ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯು ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸಬೇಕೆಂದು ಕಾನೂನು ಹೇಳುತ್ತದೆ. ಗಿಡಮರಗಳ ಹೆಸರಿನ ಪಟ್ಟಿಯಿಂದ ಆ ದಾಖಲೆ ಪೂರ್ಣವಾಗುವುದಿಲ್ಲ. ಯಾವ ಸೊಪ್ಪಿಗೆ ಹಾಲು ಒಡೆಯುತ್ತದೆ, ಯಾವ ಹುಲ್ಲಿಗೆ ಹಾಲು ಗಟ್ಟಿಯಾಗುತ್ತದೆ, ಯಾವ ಮೇವಿಗೆ ಹಾಲಿಗೆ ವಾಸನೆ ಬರುತ್ತದೆ ಎಂಬುದನ್ನು ಅಜ್ಜಿಯರ ಬಳಿ ಕುಳಿತು ಕೇಳಿ ಬರೆದುಕೊಳ್ಳಬೇಕು. ಗುರುತಿಲ್ಲದ ಗಿಡವನ್ನು ಹಾಲಿಗೆ ಹಾಕಿ ಕುಡಿಯುವ ಪ್ರಯೋಗ ಮಾತ್ರ ಕೂಡದು. ಹಳೆಯ ಗ್ರಂಥದ ಹೆಸರಿಗೂ ಇಂದಿನ ಗಿಡಕ್ಕೂ ಎಷ್ಟೋ ವೇಳೆ ತಾಳೆಯಾಗುವುದಿಲ್ಲ. ಮೊದಲು ಬರೆದಿಡಬೇಕು, ಆಮೇಲೆ ಬಲ್ಲವರೊಡನೆ ಪರೀಕ್ಷಿಸಬೇಕು. ಚಾವುಂಡರಾಯನು ಸಾವಿರ ವರ್ಷದ ಹಿಂದೆ ಬರೆದಿಡದೆ ಹೋಗಿದ್ದರೆ ತುತ್ತಿ ಗಿಡದ ಈ ಗುಣವನ್ನು ಇಂದು ನೆನೆಯುವವರೇ ಇರುತ್ತಿರಲಿಲ್ಲ.

ಮುಂದಿನ ಬಾರಿ ಮನೆಯಲ್ಲಿ ಹಾಲು ಒಡೆದರೆ ಯಾರೂ ಮುಖ ಬಾಡಿಸಬೇಕಾಗಿಲ್ಲ. ತಾಜಾ ಹಾಲೇ ಆಗಿದ್ದು ಹುಳಿ ತಗುಲಿ ಒಡೆದಿದ್ದರೆ ಬಟ್ಟೆ ತಂದು ಸೋಸಬೇಕು. ಹಳಸಿ ವಾಸನೆ ಬಂದಿದ್ದರೆ ಗೊಬ್ಬರದ ಗುಂಡಿಗೆ ಹಾಕಬೇಕು. ಸೋಸಿದ ಗಟ್ಟಿ ಮನೆಯವರಿಗೆ, ತಿಳಿನೀರು ಕೊಟ್ಟಿಗೆಗೆ, ಒಂದು ಬಟ್ಟಲು ನೆರೆಮನೆಗೆ. ಕೆರೆಯ ಪಾಲಿಗೆ ಏನೂ ಹೋಗದಿರಲಿ.